ಮುಚ್ಚಳದ ಒಳಮೈ

೪ ಜೂನ್

ಪೂಜ್ಯ ಮಾವನವರಿಗೆ ನಮಸ್ಕಾರ.

ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧಕ್ಕೆ "ಹೂಂ ಹೂಂ" ಅನ್ನುತ್ತೀರಿ. ಆಮೇಲೆ ನಾದಿನಿ ಫೋನು ಕಿತ್ತುಕೊಂಡು "ಅಪ್ಪನಿಗೆ ಏನೂ ಅರ್ಥ ಆಗಿಲ್ಲ ಅತ್ತಿಗೆ" ಅನ್ನುತ್ತಾಳೆ. ಈ ವಿಷಯದಲ್ಲಿ ಅರ್ಧ ಅರ್ಥವಾದರೆ ಸಾಲದು. ಅದಕ್ಕೇ ಕಾಗದ.

ನಿಮ್ಮ ಮೊಮ್ಮಗಳಿಗೆ ಸೆಪ್ಟೆಂಬರಿಗೆ ಇಪ್ಪತ್ತೊಂದು ತುಂಬುತ್ತದೆ. ಏನು ಬೇಕೆಂದು ಕೇಳಿದೆ. "ಅಪ್ಪನ ಕೈಯಲ್ಲಿತ್ತಲ್ಲ, ಅಂಥದ್ದೇ ವಾಚು" ಅಂದಳು. ದೋಣಿ ಮಗುಚಿ ಅವರು ಹೋದಾಗ ಅವಳಿಗೆ ಎಂಟು ವರ್ಷ. ಅಪ್ಪನ ಮುಖವನ್ನು ಫೋಟೋ ನೋಡಿ ನೆನಪಿಟ್ಟುಕೊಂಡಿದ್ದಾಳೆ. ಮಣಿಕಟ್ಟು ಮಾತ್ರ ಫೋಟೋ ಇಲ್ಲದೆಯೇ ನೆನಪಿದೆಯಂತೆ. ನಾನು ಏನು ಹೇಳಲಿ? ನೀವೇ ಬಿಚ್ಚಿ, ತೊಳೆದು, ಜೋಡಿಸಿ ನಮ್ಮ ಮದುವೆಯಲ್ಲಿ ಮಗನಿಗೆ ಕಟ್ಟಿದ ವಾಚು ಅದು. ಹಿನ್ನೀರಿನಲ್ಲಿ ದೋಣಿಯವನ ದೇಹವಾದರೂ ಸಿಕ್ಕಿತು. ಅವರು ಸಿಗಲಿಲ್ಲ, ವಾಚೂ ಅವರ ಜೊತೆಗೇ ಹೋಯಿತು.

ಆ ವಾಚು ಮಾಡುತ್ತಿದ್ದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ಆದರೆ ನಮ್ಮ ಪ್ರಯೋಗಾಲಯದ ಹಿಂದಿನ ಬೀದಿಯಲ್ಲಿ, ಬೀಗದಂಗಡಿಯ ಮೇಲಿನ ಮಹಡಿಯಲ್ಲಿ ಹಳೆಯ ವಾಚುಗಳನ್ನು ಮಾರುವವರೊಬ್ಬರಿದ್ದಾರೆ. ಮನುಷ್ಯ ತುಂಬ ಸಭ್ಯ. ಅದೇ ನನಗೆ ಅನುಮಾನ. ದಿನವಿಡೀ ಮಾತ್ರೆಗಳ ಗುಣಮಟ್ಟ ಪರೀಕ್ಷಿಸಿ ಸಹಿ ಹಾಕುವವಳು ನಾನು. ಪರೀಕ್ಷಿಸದೆ ಒಂದು ವಾಚಿಗೆ ಹೇಗೆ ತಲೆಯಾಡಿಸಲಿ? ಏನನ್ನು ನೋಡಬೇಕು, ಏನನ್ನು ಕೇಳಬೇಕು, ಬರೆಯಿರಿ.

ನಿಮ್ಮ ಸೊಸೆ


೧೧ ಜೂನ್

ಪ್ರೀತಿಯ ಮಗಳೇ,

ಕಾಗದ ಬಂತು. ಇಂಗ್ಲಿಷ್ ಶಾಲೆಯವರು ನಿನ್ನ ಕನ್ನಡ ಅಕ್ಷರವನ್ನು ಏನು ಮಾಡಿಬಿಟ್ಟರೋ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಓದಿದೆ. ಆದರೂ ಎರಡು ಸಲ ಓದಿದೆ. ನನ್ನ ಈ ರಿಪೇರಿ ಅಂಗಡಿಗೆ ಈಗ ಬ್ಯಾಟರಿ ಹಾಕಿಸಿಕೊಳ್ಳುವವರನ್ನು ಬಿಟ್ಟರೆ ಯಾರೂ ಬರುವುದಿಲ್ಲ. ನನ್ನನ್ನು ವಿದ್ಯೆ ಕೇಳಿದವಳು ಇಷ್ಟು ವರ್ಷದಲ್ಲಿ ನೀನೊಬ್ಬಳೇ.

ಅಂಗಡಿಗೆ ಹೋದಾಗ ಮುಖದಲ್ಲಿ ಏನನ್ನೂ ತೋರಿಸಬೇಡ. ನಿನಗೆ ಅದು ಕಷ್ಟವಾಗುವುದಿಲ್ಲ. ಹಳೆಯ ವಾಚು ಹೊಸ ಪಾತ್ರೆಯಂತೆ ಮಿಂಚುತ್ತಿದ್ದರೆ ಪಾಲಿಶ್ ಮಾಡಿ ಮಾಡಿ ಮೈ ಸವೆಸಿದ್ದಾರೆ ಅಂತ ತಿಳಿ. ಅಂಚುಗಳು ಸೋಪಿನ ಬಿಲ್ಲೆಯಂತೆ ಗುಂಡಗಾಗಿರುತ್ತವೆ. ಡಯಲ್ ಮೇಲಿನ ಅಕ್ಷರ ದಪ್ಪವಾಗಿ, ಸಾಲು ಸೊಟ್ಟಗಿದ್ದರೆ ಮತ್ತೆ ಬರೆಸಿದ್ದು. ಕೈ ಮುಚ್ಚಿ ಕತ್ತಲು ಮಾಡಿ ಒಳಗೆ ನೋಡು. ಮುಳ್ಳು ಮಾತ್ರ ಹೊಳೆದು ಅಂಕಿ ಹೊಳೆಯದಿದ್ದರೆ ಮುಳ್ಳು ಬೇರೆ ಯಾವುದೋ ವಾಚಿನದು. ಕೀ ಕೊಡುವಾಗ ಬೆರಳಿಗೆ ಮರಳು ಸಿಕ್ಕಂತಾಗಬಾರದು. ಕಲೆ ಇದ್ದರೆ ಹೆದರಬೇಡ, ವಯಸ್ಸಾದ ಮೇಲೆ ಕಲೆ ಬೀಳದ ಮುಖವನ್ನೇ ನಾನು ನಂಬುವುದಿಲ್ಲ.

ಇನ್ನು ಮುಖ್ಯವಾದದ್ದು. ಹಿಂಬದಿಯ ಮುಚ್ಚಳ ತೆಗೆಸು. "ಬೇಡಮ್ಮ, ಧೂಳು ಹೋಗುತ್ತೆ" ಅಂದರೆ ಎದ್ದು ಬಾ. ಯಂತ್ರದ ಮೇಲಿನ ಹೆಸರೂ ಡಯಲ್ ಮೇಲಿನ ಹೆಸರೂ ಒಂದೇ ಇರಬೇಕು. ಆಮೇಲೆ ಮುಚ್ಚಳದ ಒಳಮೈ ನೋಡು. ವಾಚು ಬಿಚ್ಚಿದ ಪ್ರತಿ ರಿಪೇರಿಯವನೂ ಅಲ್ಲಿ ಸೂಜಿಯಿಂದ ತನ್ನ ಗುರುತು, ಇಸವಿ ಗೀರಿರುತ್ತಾನೆ. ಗಿರಾಕಿಗೆ ಅದು ಕಾಣುವುದೇ ಇಲ್ಲ. ನಮ್ಮ ಕಸುಬಿನವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಅದು: ಇಂಥ ವರ್ಷ ಇದು ನನ್ನ ಕೈಗೆ ಬಂದಿತ್ತು ಅಂತ. ನನ್ನದು ಅರ್ಧಚಂದ್ರ, ಹೊಟ್ಟೆಯಲ್ಲೊಂದು ಚುಕ್ಕೆ, ಪಕ್ಕದಲ್ಲಿ ಇಸವಿ. ಎರಡಕ್ಕಿಂತ ಹೆಚ್ಚು ಗುರುತಿದ್ದರೆ ಒಳ್ಳೆಯದು, ಯಾರೋ ಅಕ್ಕರೆಯಿಂದ ನೋಡಿಕೊಂಡಿದ್ದಾರೆ ಅಂತ ಅರ್ಥ.

ನನ್ನ ಮೆಣಸಿನಕಾಯಿ ಮೊಮ್ಮಗಳಿಗೆ ಅಜ್ಜನ ಆಶೀರ್ವಾದ ಹೇಳು. ವಾಚಿನ ಪಟ್ಟಿ ನಾನು ಕೊಡಿಸುತ್ತೇನೆ.

ನಿನ್ನ ಮಾವ


೨೦ ಜೂನ್

ಪೂಜ್ಯ ಮಾವನವರಿಗೆ,

ಇದನ್ನು ಕೂತು ಓದಿ. ನಾದಿನಿ ಹತ್ತಿರದಲ್ಲಿದ್ದರೆ ಒಳ್ಳೆಯದು.

ನಿನ್ನೆ ಊಟದ ಬಿಡುವಿನಲ್ಲಿ ಹೋಗಿದ್ದೆ. ಇಕ್ಕಟ್ಟಿನ ಕೋಣೆ, ಗೋಡೆಯ ಒಂದೊಂದು ಗಡಿಯಾರವೂ ಒಂದೊಂದು ಗಂಟೆ ಹೇಳುತ್ತಿತ್ತು. ಅಂಗಡಿಯವರು ಕುರ್ಚಿ ಎಳೆದು ಕೊಟ್ಟರು.

"ಸ್ವಂತಕ್ಕೋ ಮೇಡಂ, ಯಾರಿಗಾದ್ರೂ ಕೊಡೋದಕ್ಕೋ?"

"ಸದ್ಯಕ್ಕೆ ನೋಡೋದಕ್ಕೆ."

"ನೋಡೋದಕ್ಕೆ ಕಾಸಿಲ್ಲ, ನೋಡಿ."

ಮೊದಲನೆಯದನ್ನು ಅಂಗೈಯಲ್ಲಿ ಮುಚ್ಚಿ ನೋಡಿದೆ. ಮುಳ್ಳು ಬೆಳಗುತ್ತಿತ್ತು, ಅಂಕಿಗಳು ಸತ್ತಿದ್ದವು. "ಮುಳ್ಳು ಇದರದ್ದಲ್ಲ" ಅಂದೆ. ಎರಡನೆಯದರ ಅಂಚನ್ನು ಬೆರಳಲ್ಲಿ ಸವರಿ "ಪಾಲಿಶ್ ಜಾಸ್ತಿ ಆಗಿದೆ" ಅಂದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು.

"ಯಾರು ಹೇಳ್ಕೊಟ್ರು ನಿಮಗೆ?"

"ನಮ್ಮ ಮಾವ. ವಾಚ್ ರಿಪೇರಿ ಮಾಡ್ತಾರೆ."

"ಮೊದಲೇ ಹೇಳ್ಬಾರದಾ! ಹಾಗಾದ್ರೆ ಈ ಟ್ರೇ ಒಳಗಿಡ್ತೀನಿ" ಅಂತ ನಕ್ಕು, ಮೇಜಿನ ಕೆಳಗಿನ ಇನ್ನೊಂದು ಖಾನೆ ಎಳೆದರು. ನನಗೂ ನಗು ಬಂತು. ನಿಮಗೆ ಈ ಕಥೆಯನ್ನು ಹೇಗೆ ಬರೆಯಬೇಕೆಂದು ಆಗಲೇ ಮನಸ್ಸಿನಲ್ಲಿ ಸಾಲು ಕಟ್ಟುತ್ತಿದ್ದೆ.

ಆ ಖಾನೆಯಲ್ಲಿ ಅದಿತ್ತು. ಕೆನೆ ಬಣ್ಣದ ಡಯಲ್, ಆರರ ಜಾಗದಲ್ಲಿ ಸೆಕೆಂಡಿನ ಪುಟ್ಟ ವೃತ್ತ, ಅದರ ಅಂಚಿಗೆ ಚಹಾ ಚೆಲ್ಲಿದಂಥ ಕಲೆ. "ಒಂದ್ಸಲ ನೀರು ಕುಡಿದಿದೆ ಇದು" ಅಂದರು. "ಆದ್ರೆ ಯಾರೋ ಪುಣ್ಯಾತ್ಮರು ಚೆನ್ನಾಗಿ ತೊಳೆದಿದ್ದಾರೆ. ಡಯಲ್ ಮುಟ್ಟಿಲ್ಲ. ಎಲ್ಲಾ ಅಸಲಿ." ಪಟ್ಟಿ ಸಿಕ್ಕಿಸುವ ಕೊಂಬಿನ ಮೇಲೆ ಸಣ್ಣದೊಂದು ತಗ್ಗು. ಮಾವ, ಆ ತಗ್ಗು ನನಗೆ ಗೊತ್ತು. ಹಳೆಯ ಮನೆಯಿಂದ ಕಬ್ಬಿಣದ ಮಂಚ ಇಳಿಸುವಾಗ ಬಾಗಿಲಿಗೂ ಮಂಚಕ್ಕೂ ನಡುವೆ ಅವರ ಕೈ ಸಿಕ್ಕಿಕೊಂಡಿತ್ತು. ಕೈಗಿಂತ ಮೊದಲು ವಾಚು ನೋಡಿಕೊಂಡಿದ್ದರು.

ಮುಚ್ಚಳ ತೆಗೆಯಿರಿ ಅಂದೆ. ತೆಗೆದರು. ಮಸೂರ ಹಿಡಿದಾಗ ಮೊದಲು ಕಂಡದ್ದೇ ಅರ್ಧಚಂದ್ರ, ಹೊಟ್ಟೆಯಲ್ಲಿ ಚುಕ್ಕೆ, ಪಕ್ಕದಲ್ಲಿ ೦೧. ನಮ್ಮ ಮದುವೆಯ ಇಸವಿ.

ಮುಂದೆ ನೋಡಲಾಗಲಿಲ್ಲ. ಮಸೂರ ಮೇಜಿನ ಮೇಲೆ ಬಿತ್ತು. "ನೀರು ಕೊಡ್ಲಾ ಮೇಡಂ?" ಅಂದದ್ದು ದೂರದಿಂದ ಕೇಳಿಸಿತು. ಏನೋ ನೆಪ ಹೇಳಿ ಮೆಟ್ಟಿಲಿಳಿದು ಬಂದೆ.

ನೀರಿನಡಿ ಹೋದದ್ದು ಇಲ್ಲಿಗೆ ಹೇಗೆ ಬಂತು? ಯಾರಿಗಾದರೂ ದೇಹ ಸಿಕ್ಕಿ, ವಾಚು ಬಿಚ್ಚಿಕೊಂಡು ಸುಮ್ಮನಾದರೇ? ನಿನ್ನೆಯಿಂದ ಅದೊಂದೇ ಯೋಚನೆ. ಮಗಳಿಗೆ ಇನ್ನೂ ಹೇಳಿಲ್ಲ. ನಾನು ತಪ್ಪು ನೋಡಿದೆನೇ ಎಂದೂ ಅನ್ನಿಸುತ್ತದೆ. ಕೂಡಲೇ ಬರೆಯಿರಿ.

ನಿಮ್ಮ ಸೊಸೆ


೩ ಜುಲೈ

ಮಗಳೇ,

ನೀನು ಹೆದರಿದ್ದೀಯ. ಅದು ಅವನದಲ್ಲ. ಆ ವರ್ಷ ನನ್ನ ಕೈಯಿಂದ ಅಂಥ ವಾಚುಗಳು ಬೇಕಾದಷ್ಟು ಹೋಗಿವೆ, ಎಲ್ಲದರಲ್ಲೂ ಅದೇ ಗುರುತಿದೆ. ಕೊಂಬಿಗೆ ತಗ್ಗು ಬೀಳದ ಹಳೆಯ ವಾಚು ಯಾವುದಿದೆ? ಅದನ್ನು ಕೊಳ್ಳಬೇಡ. ಮತ್ತೆ ಆ ಅಂಗಡಿಗೆ ಹೋಗಬೇಡ. ಮೆಣಸಿನಕಾಯಿಗೆ ನಾನೇ ಬೇರೆಯದನ್ನು ಹುಡುಕಿ ಕಳಿಸುತ್ತೇನೆ.

ಅದನ್ನು ಅಂಗಡಿಗೆ ಮಾರಿದವರು ಯಾರು, ಎಂದು ಮಾರಿದರು ಅಂತ ಆತ ಏನಾದರೂ ಅಂದನೇ? ಹೇಳಿದ್ದರೆ ಬರೆ.

ಮಾವ


೯ ಜುಲೈ

ಮಾವನವರಿಗೆ,

ಅದು ಅವರದಲ್ಲವಾದರೆ ಮಾರಿದವರು ಯಾರೆಂದು ನಿಮಗೇಕೆ ಬೇಕು?

ನಿಮ್ಮ ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಮತ್ತೆ ಹೋದೆ. ಒಂದೇ ಪರೀಕ್ಷೆಯನ್ನು ನಂಬಿ ನಾನು ಯಾವುದಕ್ಕೂ ಸಹಿ ಹಾಕಿದವಳಲ್ಲ. ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ಸುತ್ತಲೂ ತಿರುಗಿಸಿದೆ. ೦೧ರ ಎದುರು ಅಂಚಿನಲ್ಲಿ ಇನ್ನೊಂದು ಗುರುತಿದೆ. ಅರ್ಧಚಂದ್ರ, ಹೊಟ್ಟೆಯಲ್ಲಿ ಚುಕ್ಕೆ. ಪಕ್ಕದಲ್ಲಿ ೧೩.

ಅಂಗಡಿಯವರನ್ನು ಕೇಳಿದೆ, "ಎರಡೂ ಒಬ್ಬರದೇ ಕೈಯಾ?" "ಒಬ್ಬರದೇ ಮೇಡಂ. ಎರಡನೇದರಲ್ಲಿ ಸ್ವಲ್ಪ ಕೈ ಅಲುಗಿದೆ, ಅಷ್ಟೇ. ವಯಸ್ಸಾಗಿರ್ಬೇಕು."

ದೋಣಿ ಮಗುಚಿದ್ದು ಹನ್ನೊಂದರಲ್ಲಿ. ಹದಿಮೂರರಲ್ಲಿ ಈ ವಾಚನ್ನು ಬಿಚ್ಚಿ ತೊಳೆದವರು ನೀವು.

ಆ ವರ್ಷ ನೀವು ನಮ್ಮ ಮನೆಗೆ ಬಂದು ಮೂರು ವಾರ ಇದ್ದಿರಿ. ಅತ್ತೆ ಬಾಗಿಲು ಸದ್ದಾದಾಗಲೆಲ್ಲ ಮಗ ಬಂದನೇನೋ ಎಂದು ಎದ್ದು ಕೂರುತ್ತಿದ್ದರು, "ಗಾಳಿ ಕಣೇ, ಮಲಕ್ಕೋ" ಅಂತ ನೀವೇ ಹೇಳುತ್ತಿದ್ದಿರಿ. ನನಗೆ ಈಗ ಆ ದನಿ ಕಿವಿಯಲ್ಲಿ ಕೇಳುತ್ತಿದೆ. ನಾನು ಏನೇನೋ ಊಹಿಸುವ ಮೊದಲು ನೀವೇ ಬರೆಯಿರಿ.

ಸೊಸೆ


೧೮ ಜುಲೈ

ಮಗಳೇ,

ಬದುಕಿದ್ದ.

ಈ ಒಂದು ಪದ ಬರೆಯಲು ಎಷ್ಟು ಹಾಳೆ ಹರಿದೆನೋ. ಹದಿಮೂರರಲ್ಲಿ ಒಂದು ಮಧ್ಯಾಹ್ನ ಅಂಗಡಿಯಲ್ಲಿ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದೆ. ಯಾರೋ ಮೇಜಿನ ಮೇಲೆ ವಾಚು ಇಟ್ಟರು. ಮೊದಲು ವಾಚನ್ನು ಗುರುತು ಹಿಡಿದೆ, ಆಮೇಲೆ ತಲೆಯೆತ್ತಿದೆ. ಅವನು "ನಿಂತುಹೋಗಿದೆ ಅಪ್ಪ, ತುಕ್ಕು ಹಿಡಿದಿದೆ" ಅಂದ.

ದೋಣಿ ಮಗುಚಿದಾಗ ಈಜಿ ದಡ ಸೇರಿದ್ದನಂತೆ. ದಡದ ಮೇಲೆ ರಸ್ತೆ ಎರಡೂ ಕಡೆಗೆ ಹೋಗುತ್ತಿತ್ತು. "ಮನೆ ಯಾವ ಕಡೆ ಅಂತ ಗೊತ್ತಿತ್ತು ಅಪ್ಪ, ಕಾಲು ಆ ಕಡೆ ತಿರುಗಲಿಲ್ಲ" ಅಂದ. ಹೆಂಡತಿಯಿಂದ ಏನಾದರೂ ತೊಂದರೆಯಾಗಿತ್ತೇನೋ ಅಂದೆ. "ಇಲ್ಲ, ಅವಳದ್ದೇನೂ ತಪ್ಪಿಲ್ಲ" ಅಂದ. ಮತ್ತೆ ಯಾಕೋ ಅಂದೆ. ಮೇಜಿನ ಮೇಲಿನ ವಾಚನ್ನು ನನ್ನ ಕಡೆಗೆ ಸರಿಸಿದ. ನಿನಗೆ ಕಾರಣ ಹೇಳಬೇಕೆಂದು ಎಷ್ಟು ಹುಡುಕಿದರೂ ನನ್ನ ಕೈಗೆ ಸಿಕ್ಕಿದ್ದು ಇಷ್ಟೇ.

ನಾನು ಅವನ ಕೆನ್ನೆಗೆ ಬಾರಿಸಬೇಕಿತ್ತು, ಕೈ ಹಿಡಿದು ನಿನ್ನ ಬಾಗಿಲಿಗೆ ತರಬೇಕಿತ್ತು. ವಾಚು ಬಿಚ್ಚಿ ಕೂತೆ. ಮುಚ್ಚಳ ಹಾಕುವ ಮೊದಲು ಕೈ ತನ್ನಷ್ಟಕ್ಕೆ ಸೂಜಿ ಎತ್ತಿಕೊಂಡಿತು. ನಾಲಿಗೆಯನ್ನು ಇಷ್ಟು ವರ್ಷ ಕಟ್ಟಿಟ್ಟೆ, ಕೈಯನ್ನು ಕಟ್ಟಬೇಕೆಂದು ಹೊಳೆಯಲೇ ಇಲ್ಲ. ನಿನ್ನತ್ತೆಗೂ ಹೇಳಲಿಲ್ಲ, ನಿನ್ನ ನಾದಿನಿಗೂ ಗೊತ್ತಿಲ್ಲ. ಅವನು ಬಂದದ್ದು ಆ ಒಂದೇ ಸಲ.

ಬಯ್ಯಿ, ಬರೆಯುವುದನ್ನೇ ಬಿಡು. ಆದರೆ ಒಂದನ್ನು ಮಾತ್ರ ತಿಳಿದುಕೊಂಡು ಹೇಳು. ಅವನು ಆ ವಾಚನ್ನು ಮಾರುವವನಲ್ಲ. ಅದು ಅಂಗಡಿಗೆ ಬಂದಿದೆ ಅಂದರೆ ಅವನಿಗೆ ಏನಾಗಿದೆ? ಕಾಗದ ಬಂದಂದಿನಿಂದ ಅನ್ನ ಇಳಿಯುತ್ತಿಲ್ಲ. ಮೆಣಸಿನಕಾಯಿಗೆ ಮಾತ್ರ ಹೇಳಬೇಡ, ಕೈಮುಗಿಯುತ್ತೇನೆ.

ಮಾವ


೨ ಆಗಸ್ಟ್

ಮಾವನವರಿಗೆ,

ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಹೇಳದೆ ಇಡಬಹುದಿತ್ತು. ನೀವು ನನ್ನನ್ನು ಇಟ್ಟ ಹಾಗೆ, ನಿಮ್ಮನ್ನೂ ಬಾಗಿಲಿನ ಸದ್ದಿಗೆ ಎದ್ದು ಕೂರುವಂತೆ ಇಡಬಹುದಿತ್ತು. ಒಂದು ದಿನ ಪೂರ್ತಿ ಹಾಗೆಯೇ ಮಾಡಬೇಕೆಂದುಕೊಂಡೆ. ಅದು ನನ್ನಿಂದ ಆಗುವ ಕೆಲಸವಲ್ಲವೆಂದು ತಿಳಿದದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಮಗ ಹೋದ ಫೆಬ್ರವರಿಯಲ್ಲಿ ತೀರಿಕೊಂಡರು. ಕೆಲಸದ ಜಾಗದಲ್ಲಿ, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ.

ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ.

ವಾಚನ್ನು ಮಾರಿದಾಕೆ ಅದರ ಅಸಲಿ ಬಕಲ್ ಮನೆಯಲ್ಲಿದೆ, ತಂದುಕೊಡುತ್ತೇನೆ ಅಂದಿದ್ದಳಂತೆ. ಅಂಗಡಿಯವರು ಅವಳು ಬರುವ ದಿನವನ್ನು ನನಗೆ ತಿಳಿಸಿದರು; ಒಳ್ಳೆಯ ಗಿರಾಕಿಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದರು. ನನಗಿಂತ ಚಿಕ್ಕವಳು. ಬಟ್ಟೆಯ ತುಂಡಿನಲ್ಲಿ ಸುತ್ತಿದ್ದ ಬಕಲನ್ನು ಮೇಜಿನ ಮೇಲೆ ಬಿಡಿಸಿದಳು. "ಇವ್ರೇ ನೋಡ್ತಿರೋದು" ಅಂತ ಅಂಗಡಿಯವರು ನನ್ನನ್ನು ತೋರಿಸಿದರು. ಅವಳ ಮುಖ ಅರಳಿತು.

"ತಗೊಳ್ಳಿ ಮೇಡಂ, ಒಳ್ಳೇ ವಾಚು. ನಮ್ಮನೆಯವರ ಅಪ್ಪನ ಕೈಕೆಲಸ. ಪ್ರತಿ ವರ್ಷ ಹೋಗಿ ಅವರಿಗೆ ತೋರಿಸ್ಕೊಂಡು ಬರ್ತಿದ್ರು."

"ಪ್ರತಿ ವರ್ಷ?"

"ಹೂಂ, ತಪ್ಪಿಸ್ತಿರ್ಲಿಲ್ಲ. ನಾನು ಮಾತ್ರ ನಮ್ಮ ಮಾವನವರನ್ನ ನೋಡೇ ಇಲ್ಲ. ಎರಡನೇ ಮದುವೆ ಅಲ್ವಾ, ಅವರಿಗೆ ಇಷ್ಟ ಇಲ್ಲ ಅಂತಿದ್ರು. ಊರು ಯಾವ್ದು ಅಂತಾನೂ ಹೇಳ್ಲಿಲ್ಲ. ತೀರಿಕೊಂಡಾಗ ತಿಳಿಸೋಣ ಅಂದ್ರೆ ವಿಳಾಸ ಇಲ್ಲ. ಆದ್ರೂ ಮೊಮ್ಮಗಳು ಹುಟ್ಟಿದಾಗ ಇವರ ಕೈಲೇ ಅಲಾರಂ ಗಡಿಯಾರ ಕಳಿಸಿದ್ರು, ಅದೇ ಅವಳನ್ನ ಶಾಲೆಗೆ ಎಬ್ಬಿಸೋದು."

ಒಂದೇ ಸಲ ಅಂದಿರಿ, ಮಾವ.

ವಾಚನ್ನು ಯಾಕೆ ಮಾರಿದಿರಿ ಎಂದು ಕೇಳಿದೆ. "ಕೀ ಕೊಟ್ರೆ ಓಡುತ್ತೆ ಮೇಡಂ. ಪಕ್ಕದ ಕೋಣೆಯಲ್ಲಿದ್ದಾರೆ ಅನ್ಸುತ್ತೆ. ನನ್ ಕೈಲಾಗಲ್ಲ" ಅಂದಳು. ಆಮೇಲೆ ದನಿ ತಗ್ಗಿಸಿ, ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆಂಬ ಕಾಳಜಿಯಿಂದ, "ಪಾಪ, ತುಂಬ ನೊಂದಿದ್ರು. ಮೊದಲನೇ ಹೆಂಡ್ತಿ, ಎಂಟು ವರ್ಷದ ಮಗಳು, ಇಬ್ರೂ ದೋಣಿ ಮಗುಚಿ ಹೋಗ್ಬಿಟ್ರಂತೆ. ಇವರೊಬ್ರೇ ಉಳಿದದ್ದು" ಅಂದಳು.

ನಾನು ಕುರ್ಚಿಯ ತೋಳು ಹಿಡಿದುಕೊಂಡಿದ್ದೆ. ನನ್ನ ಸಾವಿನ ಸುದ್ದಿಯನ್ನು, ನನ್ನ ಮಗುವಿನ ಸಾವಿನ ಸುದ್ದಿಯನ್ನು ಒಬ್ಬಳು ನನಗೇ ಕನಿಕರದಿಂದ ಹೇಳುತ್ತಿದ್ದಳು. ನಾನು ಏನು ಅಂದೆ ಗೊತ್ತೇ? "ಅಯ್ಯೋ ಪಾಪ" ಅಂದೆ. ಹೌದು, ಬಾಯಿಂದ ಅದೇ ಬಂತು. ಅವಳು ನನ್ನ ಕೈ ತಟ್ಟಿದಳು.

ಅವಳಿಗೆ ನಿಜ ಹೇಳಲಿಲ್ಲ. ಹೇಡಿತನವೋ ಕರುಣೆಯೋ, ಇನ್ನೂ ಕೇಳಿಕೊಳ್ಳುತ್ತಿದ್ದೇನೆ. ಆದರೆ ಅದನ್ನು ಹೇಳಬೇಕಾದವಳು ನಾನಲ್ಲ. ಅವಳ ವಿಳಾಸ ಕೆಳಗೆ ಬರೆದಿದ್ದೇನೆ. ಬಸ್ಸು ಹತ್ತಿ ನೀವೇ ಹೋಗಿ. ಅವಳ ಎದುರು ಕೂತು ನಾವಿಬ್ಬರೂ ಬದುಕಿದ್ದೇವೆಂದು ನಿಮ್ಮ ಬಾಯಿಂದಲೇ ಹೇಳಿ. ಕಾಗದ ಬರೆದು ಕೈತೊಳೆದುಕೊಳ್ಳಬೇಡಿ.

ಮಗಳಿಗೆ ಹೇಳಬೇಡ ಅಂದಿರಿ. ಇವತ್ತು ಸಂಜೆ ಹೇಳುತ್ತೇನೆ.

ಇನ್ನೂ ಬದುಕಿರುವ,
ನಿಮ್ಮ ಸೊಸೆ


೧೭ ಆಗಸ್ಟ್

ಮಗಳೇ,

ಹೋಗಿ ಬಂದೆ. ಮಗನಿಗಾಗಿ ಅಳಲು ಬಿಡುವಾದದ್ದು ಬಸ್ಸಿನಲ್ಲಿ ಮಾತ್ರ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋಗುವವರೆಗೂ ಅತ್ತುಬಿಟ್ಟೆ.

ನಾನು ಯಾರೆಂದು ಹೇಳಿದ ಕೂಡಲೇ ಅವಳು ಕಾಲಿಗೆ ಬಿದ್ದಳು. ಆ ಹೊತ್ತಿಗೆ ಬಾಯಿ ತೆರೆಯುವುದು ಹೇಗಿತ್ತೋ ಕೇಳಬೇಡ. ಹೇಳಿದೆ, ಒಂದೂ ಮುಚ್ಚಿಡದೆ ಹೇಳಿದೆ. ವರ್ಷ ವರ್ಷ ಬರುತ್ತಿದ್ದ ಅಂತಲೂ ಹೇಳಿದೆ; ಹದಿಮೂರರ ಆಮೇಲೆ ಬಿಚ್ಚುವ ಕೆಲಸ ಬೀಳಲಿಲ್ಲ, ಕಿವಿಗಿಟ್ಟು ಕೇಳಿ ವಾಪಸು ಕೊಡುತ್ತಿದ್ದೆ. ನಿನಗೆ ಸುಳ್ಳು ಬರೆದೆ, ಅವನನ್ನು ವರ್ಷಕ್ಕೊಂದು ದಿನ ನೋಡುವ ಆಸೆಗೆ ಇಷ್ಟೆಲ್ಲ ಮಾಡಿದೆ. "ಹಾಗಾದ್ರೆ ನಾನು ಯಾರು ಮಾವ?" ಅಂದಳು ಅವಳು.

ಅಂಗಡಿಯಲ್ಲಿ ತಾನು ತಟ್ಟಿದ್ದು ಯಾರ ಕೈಯನ್ನು ಅಂತ ಅವಳಿಗೆ ಅರ್ಥವಾಯಿತು. ನಿನ್ನ ಮನೆ ಎಲ್ಲಿ ಅಂತ ಕೇಳಿದಳು. ಕೊಟ್ಟಿದ್ದೇನೆ. ಬರುವ ಭಾನುವಾರ ಮಗುವನ್ನು ಕರೆದುಕೊಂಡು ಬರುತ್ತಾಳಂತೆ. ಬಾಗಿಲು ತೆರೆಯುವುದು ಬಿಡುವುದು ನಿನಗೆ ಸೇರಿದ್ದು. ನಾನೂ ಬಂದು ಮೆಣಸಿನಕಾಯಿಯ ಮುಖ ನೋಡಲೇ?

ಮಾವ


೨೭ ಆಗಸ್ಟ್

ಮಾವನವರಿಗೆ,

ಈಗಲೇ ಬರಬೇಡಿ. ಎಂದು ಬರಬಹುದೆಂದು ನನಗೆ ಗೊತ್ತಿಲ್ಲ, ಗೊತ್ತಾದಾಗ ಬರೆಯುತ್ತೇನೆ. ಬಸ್ಸಿನಲ್ಲಿ ದಣಿದ ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಿ, ನಾದಿನಿಗೆ ನೀವೇ ಎಲ್ಲ ಹೇಳಿ.

ವಾಚು ಬೇರೆ ಯಾರಿಗೋ ಹೋಯಿತು. "ಅಸಲಿ ಮಾಲು ಮೇಡಂ, ನಿಲ್ಲಲ್ಲ ಅಂದಿದ್ನಲ್ಲ" ಅಂತ ಅಂಗಡಿಯವರು ಬೇಸರ ಮಾಡಿಕೊಂಡರು. ಮೆಟ್ಟಿಲಿಳಿಯುವಾಗ ನನಗೆ ಬೇಸರವಾಯಿತೇ ಎಂದು ನೋಡಿಕೊಂಡೆ. ಇಲ್ಲ.

ಹೇಳಿದಂದಿನಿಂದ ನಿಮ್ಮ ಮೊಮ್ಮಗಳು ಬಾಯಿ ಬಿಟ್ಟಿರಲಿಲ್ಲ. ಅಳಲಿಲ್ಲ, ಕಿರುಚಲಿಲ್ಲ. ಫೋಟೋ ಗೋಡೆಯಿಂದ ತೆಗೆಯಲೂ ಇಲ್ಲ. ಅದರ ಮುಂದೆ ಹಾದುಹೋಗುವಾಗ ಅಪರಿಚಿತರಿಗೆ ದಾರಿ ಬಿಡುವಂತೆ ಸ್ವಲ್ಪ ಸರಿದು ನಡೆಯುತ್ತಿದ್ದಳು. ಭಾನುವಾರ ಅವರು ಬರುತ್ತಾರೆ ಅಂದಾಗಲೂ ಕತ್ತು ಎತ್ತಲಿಲ್ಲ. ಬಾಗಿಲು ತಟ್ಟಿದಾಗ ನಾನು ಒಳಗೆ ಸೀರೆಯ ನೆರಿಗೆಯನ್ನು ಮೂರನೆಯ ಸಲ ಸರಿಮಾಡಿಕೊಳ್ಳುತ್ತಿದ್ದೆ. ನಾನು ಹೊರಬರುವಷ್ಟರಲ್ಲಿ ಅವಳೇ ಹೋಗಿ ತೆರೆದಿದ್ದಳು.

ಆ ಹೆಂಗಸು ನನ್ನನ್ನು ಅಕ್ಕ ಅನ್ನಬೇಕೋ ಮೇಡಂ ಅನ್ನಬೇಕೋ ತಿಳಿಯದೆ ಹೊಸ್ತಿಲಾಚೆ ಸುಮ್ಮನೆ ನಿಂತಿದ್ದಳು. ನನಗೂ ಬಾ ಅನ್ನಬೇಕೋ ಬನ್ನಿ ಅನ್ನಬೇಕೋ ತಿಳಿಯಲಿಲ್ಲ. ಚಿಕ್ಕವಳು ಮಾತ್ರ ಅಮ್ಮನ ಪಕ್ಕದಿಂದ ಮುಂದೆ ಬಂದು, ನಿಮ್ಮ ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು:

"ನೀವು ನೀರಲ್ಲಿ ಸತ್ತೋಗಿದ್ರಲ್ವಾ?"

ಅವಳಮ್ಮ ಗಾಬರಿಯಿಂದ ಆ ಬಾಯಿಗೆ ಕೈ ಅಡ್ಡ ಹಿಡಿದಳು. ನಿಮ್ಮ ಮೊಮ್ಮಗಳು ಆ ಮಗುವನ್ನು ನೋಡುತ್ತಲೇ ಇದ್ದಳು. ಆಮೇಲೆ ಮೂರು ವಾರದಿಂದ ನಾನು ಕೇಳದಿದ್ದ ದನಿಯಲ್ಲಿ ಅಂದಳು:

"ಹೂಂ ಕಣೇ, ಸತ್ತಿದ್ವಿ. ಹಸಿವಾಯ್ತು, ಎದ್ದು ಬಂದ್ವಿ. ಚಪ್ಪಲಿ ಅಲ್ಲೇ ಬಿಡು, ಒಳಗೆ ಬಾ."

ನಿಮ್ಮ ಸೊಸೆಯರಲ್ಲಿ ಒಬ್ಬಳು